ಮಕ್ಕಳ ಹೊಟ್ಟೆಯ ಆರೋಗ್ಯ: ಪ್ರೋಬಯಾಟಿಕ್ ಮತ್ತು ಗಿಡಮೂಲಿಕೆಗಳ ಬಳಕೆಯಲ್ಲಿ ವಿವೇಕ



ಮಳವಳ್ಳಿ ತಾಲ್ಲೂಕಿನ ಹಲಗೂರಿನಿಂದ ಮುತ್ತತ್ತಿಗೆ ಹೋಗುವ ದಾರಿಯು ಕಾಡಿನ ನಡುವೆ ಇಳಿಯುತ್ತಾ ಕಾವೇರಿಯ ದಡವನ್ನು ಸೇರುತ್ತದೆ. ಸೀತಾಮಾತೆಯ ಮುತ್ತಿನ ಮೂಗುತಿ ಹೊಳೆಯ ಸುಳಿಯಲ್ಲಿ ಬಿದ್ದಾಗ ಆಂಜನೇಯನು ತನ್ನ ಬಾಲದಿಂದ ನೀರನ್ನು ಕದಡಿ ಅದನ್ನು ಎತ್ತಿಕೊಟ್ಟನೆಂದೂ, ಆದುದರಿಂದಲೇ ಆತನು ಮುತ್ತೆತ್ತರಾಯನಾದನೆಂದೂ ನಮ್ಮ ಸೀಮೆಯ ಹಿರಿಯರು ಹೇಳುತ್ತಾರೆ. ಮಕ್ಕಳಿಲ್ಲದವರು ಅಲ್ಲಿಗೆ ಹರಕೆ ಹೊರುತ್ತಾರೆ. ಮಕ್ಕಳಾದವರು ಮುಡಿ ಕೊಡಿಸಲು ಬರುತ್ತಾರೆ. ಮಂಡ್ಯ, ಮದ್ದೂರು, ಮಳವಳ್ಳಿಯ ಕಡೆ ಮುತ್ತುರಾಜನೆಂಬ ಹೆಸರು ಇಷ್ಟೊಂದು ಮನೆಗಳಲ್ಲಿ ಇರುವುದಕ್ಕೆ ಕಾರಣವೂ ಇದೇ.

ಆ ದಾರಿಯ ಬದಿಯ ಹಳ್ಳಿಯೊಂದರಲ್ಲಿ ಸುಮಾರು ನಾಲ್ಕು ದಶಕಗಳಿಂದ ನಾವು ಆಯುರ್ವೇದ ಚಿಕಿತ್ಸೆ ನಡೆಸುತ್ತಾ ಬಂದಿದ್ದೇವೆ. ಪ್ರತಿ ವರ್ಷವೂ ಎರಡು ಕಾಲಗಳಲ್ಲಿ ನಮ್ಮ ಚಿಕಿತ್ಸಾಲಯದ ಜಗಲಿಯು ಮಕ್ಕಳಿಂದ ತುಂಬುತ್ತದೆ. ಮೊದಲನೆಯದು ಬೇಸಿಗೆಯ ರಜೆ. ಎರಡನೆಯದು ಮುಂಗಾರಿನ ಹೊಸ ನೀರು ಹೊಳೆಗೆ ಬರುವ ಸಮಯ. ಬಂದ ತಾಯಂದಿರ ಚೀಲದಲ್ಲಿ ಈಚಿನ ವರ್ಷಗಳಲ್ಲಿ ಒಂದು ವಸ್ತು ತಪ್ಪದೆ ಕಾಣಿಸಿಕೊಳ್ಳುತ್ತಿದೆ. ಅದು ಪುಟ್ಟ ಪ್ಲಾಸ್ಟಿಕ್ ಕುಪ್ಪಿಯಲ್ಲಿಯೋ ಪುಡಿಯ ಪೊಟ್ಟಣದಲ್ಲಿಯೋ ಬರುವ ಪ್ರೋಬಯಾಟಿಕ್. ಅದರ ಪಕ್ಕದಲ್ಲಿ ಹಸಿವು ಹೆಚ್ಚಿಸುವುದೆಂದು ಹೇಳುವ ಗಿಡಮೂಲಿಕೆಯ ಸಿರಪ್ಪು. ಇವು ಒಳ್ಳೆಯವೇ, ಕೆಟ್ಟವೇ, ನಮ್ಮ ಮಗುವಿಗೆ ಕೊಡಬಹುದೇ ಎಂದು ಕೇಳುವವರು ಅನೇಕರು. ಒಂದೇ ಮಾತಿನಲ್ಲಿ ಉತ್ತರಿಸಲಾಗದ ಈ ಪ್ರಶ್ನೆಯನ್ನು ಈ ಸಂಚಿಕೆಯಲ್ಲಿ ಕ್ರಮವಾಗಿ ವಿಚಾರಿಸೋಣ.

ಒಂದು ಪ್ರಸಂಗ

ಕೆಲವು ವರ್ಷಗಳ ಹಿಂದಿನ ಮಾತು. ಹದಿನಾಲ್ಕು ತಿಂಗಳ ಗಂಡುಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಅಜ್ಜಿಯೊಬ್ಬರು ಬೆಳಗಿನ ಜಾವವೇ ಬಂದರು. ಮುಡಿ ಕೊಡಿಸಿ ಬಂದ ಮರುದಿನದಿಂದ ಮಗುವಿಗೆ ಭೇದಿ. ಮೂರು ದಿನ ಕಳೆದಿತ್ತು. ಮನೆಯವರು ಸುಮ್ಮನೆ ಕುಳಿತಿರಲಿಲ್ಲ. ಪೇಟೆಯ ಔಷಧದಂಗಡಿಯಿಂದ ಪ್ರೋಬಯಾಟಿಕ್ ಪುಡಿ ತಂದಿದ್ದರು, ಅದನ್ನು ಬಿಸಿ ಹಾಲಿಗೆ ಬೆರೆಸಿ ಕುಡಿಸಿದ್ದರು. ಗಿಡಮೂಲಿಕೆಯ ಸಿರಪ್ಪನ್ನೂ ಕೊಟ್ಟಿದ್ದರು.

"ನೀರು ಕುಡಿಸಿದಿರಾ ಅವ್ವಾ?" ಎಂದು ಕೇಳಿದೆವು.

"ಇಲ್ಲ ಸ್ವಾಮಿ, ನೀರು ಕೊಟ್ರೆ ಭೇದಿ ಇನ್ನೂ ಜಾಸ್ತಿ ಆಯ್ತದೆ ಅಂತ ಕೊಡ್ನಿಲ್ಲ. ಔಷ್ದ ಕೊಡ್ತಾನೇ ಇದ್ದೀವಲ್ಲ" ಎಂದರು.

ಮಗುವಿನ ಕಣ್ಣುಗಳು ಒಳಸೇರಿದ್ದವು. ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟರೆ ಅದು ಮಡಿಕೆಯಾಗಿಯೇ ನಿಂತು ನಿಧಾನವಾಗಿ ಇಳಿಯುತ್ತಿತ್ತು. ಅಳುವುದಕ್ಕೂ ತ್ರಾಣವಿರಲಿಲ್ಲ. ನಾವು ಯಾವ ಚೂರ್ಣವನ್ನೂ ತೆಗೆಯಲಿಲ್ಲ. ಚಮಚದಿಂದ ಓಆರ್‌ಎಸ್ ದ್ರಾವಣವನ್ನು ಹನಿಹನಿಯಾಗಿ ಬಾಯಿಗೆ ಬಿಡುತ್ತಲೇ ವಾಹನ ಮಾಡಿಸಿ ಆಸ್ಪತ್ರೆಗೆ ಕಳುಹಿಸಿದೆವು. ರಕ್ತನಾಳದ ಮೂಲಕ ನೀರು ಕೊಟ್ಟ ಮೇಲೆ ಮಗು ಉಳಿಯಿತು. ಅದು ಈಗ ಶಾಲೆಗೆ ಹೋಗುತ್ತಿದೆ. ಆದರೆ ಇನ್ನು ಅರ್ಧ ದಿನ ತಡವಾಗಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ ಇಂದಿಗೂ ಮನಸ್ಸು ನಡುಗುತ್ತದೆ.

ಆ ಮನೆಯವರಲ್ಲಿ ಪ್ರೀತಿಗೆ ಕೊರತೆಯಿರಲಿಲ್ಲ, ಹಣವನ್ನೂ ಅವರು ಖರ್ಚು ಮಾಡಿದ್ದರು. ಕೊರತೆಯಿದ್ದುದು ಕ್ರಮದಲ್ಲಿ. ಮೊದಲು ಮಾಡಬೇಕಾದುದನ್ನು ಬಿಟ್ಟು, ಆಮೇಲೆ ಮಾಡಿದರೂ ಆಗುವುದನ್ನು ಮೊದಲು ಮಾಡಿದ್ದರು. ಈ ಲೇಖನದ ಉದ್ದೇಶವೇ ಆ ಕ್ರಮವನ್ನು ತಿಳಿಸುವುದು.

ಹೊಟ್ಟೆಯೊಳಗಿನ ಜೀವರಾಶಿ

ನಮ್ಮ ಕರುಳಿನಲ್ಲಿ, ಅದರಲ್ಲಿಯೂ ದೊಡ್ಡ ಕರುಳಿನಲ್ಲಿ, ಲೆಕ್ಕಕ್ಕೆ ಸಿಗದಷ್ಟು ಸೂಕ್ಷ್ಮಜೀವಿಗಳು ವಾಸವಾಗಿವೆ. ನಾವು ಜೀರ್ಣಿಸಿಕೊಳ್ಳಲಾಗದ ನಾರನ್ನು ಅವು ಹುದುಗಿಸಿ ಕರುಳಿನ ಒಳಪದರಕ್ಕೆ ಆಹಾರ ಒದಗಿಸುತ್ತವೆ. ಕೆಲವು ಜೀವಸತ್ವಗಳನ್ನು ತಯಾರಿಸುತ್ತವೆ. ರೋಗಕಾರಕ ಜೀವಿಗಳಿಗೆ ನೆಲೆ ಸಿಗದಂತೆ ಜಾಗವನ್ನು ಹಿಡಿದಿರುತ್ತವೆ. ಒಳ್ಳೆಯ ಪೈರು ದಟ್ಟವಾಗಿ ಬೆಳೆದ ಗದ್ದೆಯಲ್ಲಿ ಕಳೆಗೆ ಜಾಗವಿಲ್ಲದಿರುವಂತೆ ಇದು.

ಈ ಪೈರಿನ ಬಿತ್ತನೆ ಹುಟ್ಟಿದ ಕ್ಷಣದಿಂದಲೇ ಆರಂಭವಾಗುತ್ತದೆ. ಹೆರಿಗೆಯ ಹಾದಿಯಲ್ಲಿ, ತಾಯಿಯ ಮೈಯಿಂದ, ಎದೆಹಾಲಿನಿಂದ ಮಗುವಿನ ಕರುಳಿಗೆ ಸೂಕ್ಷ್ಮಜೀವಿಗಳು ಸೇರುತ್ತವೆ. ಎದೆಹಾಲಿನಲ್ಲಿ ಮಗು ಸ್ವತಃ ಅರಗಿಸಿಕೊಳ್ಳಲಾರದ ವಿಶೇಷ ಶರ್ಕರಗಳಿವೆ. ಅವು ಬಿಫಿಡೋಬ್ಯಾಕ್ಟೀರಿಯಂ ಎಂಬ ಹಿತಕಾರಿ ಜೀವಿಗಳ ಆಹಾರ. ಅಂದರೆ ತಾಯಿಯು ಹಾಲೂಡುವಾಗ ಮಗುವಿಗೆ ಉಣಿಸುವುದರ ಜೊತೆಗೆ ಮಗುವಿನ ಹೊಟ್ಟೆಯ ಕಾವಲುಗಾರರಿಗೂ ಉಣಿಸುತ್ತಾಳೆ. ಹೆರಿಗೆಯಾದ ಮೊದಲ ದಿನಗಳ ಗಿಣ್ಣುಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ಪದ್ಧತಿ ಕೆಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಅದನ್ನು ಬಿಡಬೇಕು. ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು, ಆರು ತಿಂಗಳು ತುಂಬುವವರೆಗೆ ಬರಿಯ ಎದೆಹಾಲು: ಇದಕ್ಕಿಂತ ಮಿಗಿಲಾದ ಪ್ರೋಬಯಾಟಿಕ್ ಯಾವ ಅಂಗಡಿಯಲ್ಲಿಯೂ ದೊರೆಯದು.

ಮಗುವಿಗೆ ಸುಮಾರು ಮೂರು ವರ್ಷ ತುಂಬುವ ವೇಳೆಗೆ ಈ ಜೀವರಾಶಿಯು ದೊಡ್ಡವರದನ್ನು ಹೋಲತೊಡಗುತ್ತದೆ. ಆದುದರಿಂದ ಆ ಮೂರು ವರ್ಷಗಳಲ್ಲಿ ಕಾರಣವಿಲ್ಲದೆ ಆ್ಯಂಟಿಬಯಾಟಿಕ್ ಕೊಡಿಸುವುದು ತರವಲ್ಲ. ನೆಗಡಿಗೂ ನೀರಾದ ಭೇದಿಗೂ ಹೆಚ್ಚಿನ ವೇಳೆ ವೈರಾಣುಗಳೇ ಕಾರಣ. ಅವುಗಳ ಮೇಲೆ ಆ್ಯಂಟಿಬಯಾಟಿಕ್ ಕೆಲಸ ಮಾಡದು, ಆದರೆ ಹೊಟ್ಟೆಯ ಒಳ್ಳೆಯ ಪೈರನ್ನು ಮಾತ್ರ ಕಿತ್ತುಹಾಕುತ್ತದೆ.

ಶಾಸ್ತ್ರದ ದೃಷ್ಟಿ

ಆಯುರ್ವೇದವು ಹೊಟ್ಟೆಯ ಆರೋಗ್ಯವನ್ನು ಅಗ್ನಿಯ ಮೂಲಕ ನೋಡುತ್ತದೆ. ಚರಕಸಂಹಿತೆಯ ಗ್ರಹಣೀ ಚಿಕಿತ್ಸಾಧ್ಯಾಯದಲ್ಲಿ ಅಗ್ನಿಯು ಕುಂದಿದಾಗ ಉಂಡದ್ದು ಪಕ್ವವಾಗದೆ ರೋಗವಾಗುವ ಬಗೆಯನ್ನು ವಿಸ್ತಾರವಾಗಿ ಹೇಳಿದೆ. ಮಕ್ಕಳ ಚಿಕಿತ್ಸೆಗೆ ಕೌಮಾರಭೃತ್ಯವೆಂಬ ಪ್ರತ್ಯೇಕ ಅಂಗವೇ ಇದ್ದು, ಕಾಶ್ಯಪಸಂಹಿತೆಯು ಅದರ ಮುಖ್ಯ ಗ್ರಂಥವಾಗಿದೆ. ನಮ್ಮ ಆಚಾರ್ಯರು ಮಕ್ಕಳನ್ನು ಕ್ಷೀರಪ, ಕ್ಷೀರಾನ್ನಾದ, ಅನ್ನಾದ ಎಂದು ಆಹಾರದಿಂದಲೇ ವಿಂಗಡಿಸಿದರು: ಹಾಲನ್ನೇ ಕುಡಿಯುವವರು, ಹಾಲು ಅನ್ನ ಎರಡನ್ನೂ ಸೇವಿಸುವವರು, ಅನ್ನ ತಿನ್ನುವವರು. ಮಗುವಿನ ಅಗ್ನಿಗೆ ತಕ್ಕಂತೆ ಆಹಾರವೂ ಔಷಧವೂ ಬದಲಾಗಬೇಕೆಂಬ ತತ್ತ್ವ ಇದರಲ್ಲಿದೆ.

ಅಗ್ನಿ ಎಂದರೆ ಇಂದಿನವರು ಹೇಳುವ ಸೂಕ್ಷ್ಮಜೀವಿಗಳೇ ಎಂದು ವಾದಿಸುವವರನ್ನು ನಾವು ಕಂಡಿದ್ದೇವೆ. ಅದು ಅವಸರದ ಮಾತು. ಸೂಕ್ಷ್ಮದರ್ಶಕದಲ್ಲಿ ಕಂಡ ಸಂಗತಿ ಬೇರೆ, ಹಾಸಿಗೆಯ ಪಕ್ಕದಲ್ಲಿ ಕುಳಿತು ಹಸಿವು, ಮಲ, ಬಲಗಳನ್ನು ನೋಡಿ ಕಟ್ಟಿದ ವಿಚಾರ ಬೇರೆ. ಎರಡೂ ಮಗುವಿನ ಹಿತಕ್ಕಾಗಿ ಬಂದವು ಎಂಬಷ್ಟನ್ನು ಹಿಡಿದರೆ ಸಾಕು.

ಮಜ್ಜಿಗೆ, ಅಂಬಲಿ, ಇಡ್ಲಿ: ಇವು ಪ್ರೋಬಯಾಟಿಕ್ ಹೌದೇ?

ಹುಳಿಸಿದ ಹಾಲು ಆರೋಗ್ಯಕ್ಕೆ ಹಿತವೆಂಬ ವಿಚಾರಕ್ಕೆ ಆಧುನಿಕ ವಿಜ್ಞಾನದಲ್ಲಿ ಪ್ರಸಿದ್ಧಿ ತಂದವರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಎಲೀ ಮೆಚ್ನಿಕಾಫ್. ರೋಗನಿರೋಧ ಶಕ್ತಿಯ ಸಂಶೋಧನೆಗಾಗಿ 1908ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಇವರು ಬಲ್ಗೇರಿಯದ ಹಳ್ಳಿಗರು ಸೇವಿಸುವ ಹುಳಿಹಾಲನ್ನು ಕುರಿತು ಬರೆದರು. ನಮ್ಮಲ್ಲಿ ಗ್ರಹಣೀ ರೋಗಕ್ಕೆ ತಕ್ರವನ್ನು, ಅಂದರೆ ಮಜ್ಜಿಗೆಯನ್ನು, ಪ್ರಶಸ್ತವೆಂದು ಶಾಸ್ತ್ರವು ಬಹು ಹಿಂದೆಯೇ ಹೇಳಿತ್ತು. ಶ್ರೀಮಠದ ದಾಸೋಹದಲ್ಲಿ ಊಟದ ಕೊನೆಗೆ ಮಜ್ಜಿಗೆ ಬಡಿಸುವುದನ್ನು ತಾವೆಲ್ಲರೂ ಕಂಡವರೇ.

ಆದರೂ ಇಲ್ಲಿ ಒಂದು ವ್ಯತ್ಯಾಸವನ್ನು ತಿಳಿಯಬೇಕು. 2001ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ ಕರೆದ ತಜ್ಞರು ಪ್ರೋಬಯಾಟಿಕ್ಕಿಗೆ ಮಾಡಿದ ವ್ಯಾಖ್ಯೆಯಲ್ಲಿ ಮೂರು ಅಂಶಗಳಿವೆ: ಸೂಕ್ಷ್ಮಜೀವಿಗಳು ಜೀವಂತವಾಗಿರಬೇಕು, ಸಾಕಷ್ಟು ಪ್ರಮಾಣದಲ್ಲಿರಬೇಕು, ಸೇವಿಸಿದವರಿಗೆ ಆರೋಗ್ಯದ ಪ್ರಯೋಜನವಾಗಬೇಕು. ಈ ಅಳತೆಯಿಂದ ನೋಡಿದರೆ ಇಡ್ಲಿಯ ಹಿಟ್ಟನ್ನು ಉಬ್ಬಿಸುವ ಜೀವಿಗಳು ಹಬೆಯಲ್ಲಿ ಬೆಂದಾಗ ಸಾಯುತ್ತವೆ. ಆದುದರಿಂದ ಇಡ್ಲಿಯು ಸುಲಭವಾಗಿ ಜೀರ್ಣವಾಗುವ ಉತ್ತಮ ಆಹಾರವೇ ಹೊರತು ಪ್ರೋಬಯಾಟಿಕ್ ಅಲ್ಲ. ಮೊಸರು, ಮಜ್ಜಿಗೆಗಳಲ್ಲಿ ಜೀವಂತ ಜೀವಿಗಳಿವೆ, ಆದರೆ ಯಾವ ತಳಿ, ಎಷ್ಟು ಸಂಖ್ಯೆ ಎಂಬುದು ಮನೆಮನೆಯ ಹೆಪ್ಪಿಗೆ ತಕ್ಕಂತೆ ಬೇರೆಯಾಗುತ್ತದೆ. ಅವನ್ನು ಔಷಧವೆಂದು ಎಣಿಸದೆ ನಿತ್ಯದ ಹಿತಕರ ಆಹಾರವೆಂದು ಎಣಿಸುವುದು ಸರಿ.

ಏಳೆಂಟು ತಿಂಗಳ ನಂತರ ಮಗುವಿಗೆ ಅನ್ನದೊಡನೆ ತಾಜಾ ಮೊಸರನ್ನು ಮೆದುವಾಗಿ ಕಲಸಿ ಸ್ವಲ್ಪಸ್ವಲ್ಪವಾಗಿ ರೂಢಿಸಬಹುದು. ದೊಡ್ಡ ಮಕ್ಕಳಿಗೆ ಮಧ್ಯಾಹ್ನದ ಊಟದಲ್ಲಿ ಕಡೆದ ಮಜ್ಜಿಗೆಗೆ ಚಿಟಿಕೆ ಹುರಿದ ಜೀರಿಗೆಯ ಪುಡಿ ಸೇರಿಸಿ ಕೊಡುವುದು ಉತ್ತಮ. ಮಜ್ಜಿಗೆಗೆ ಬೆರೆಸುವ ನೀರು ಕುದಿಸಿ ಆರಿಸಿದ್ದಾಗಿರಲಿ. ಹಸಿಯ ಹೊಳೆನೀರಿನಿಂದ ಮಾಡಿದ ಮಜ್ಜಿಗೆಯು ಹಿತದ ಜೀವಿಗಳ ಜೊತೆಗೆ ಅಹಿತದವುಗಳನ್ನೂ ತರುತ್ತದೆ.

ರಾಗಿಯ ವಿಷಯವನ್ನು ಮಂಡ್ಯ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ರಾಗಿಯ ನಾರು ಕರುಳಿನ ಹಿತಜೀವಿಗಳಿಗೆ ಮೇವು. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮಿಗಿಲಾದ ಸುಣ್ಣದ ಅಂಶವಿದೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹಿಟ್ಟು ಮಾಡಿ, ಸೋಸಿ ಕಾಯಿಸಿದ ರಾಗಿಸರಿಯನ್ನು ಆರು ತಿಂಗಳು ತುಂಬಿದ ಮಗುವಿಗೆ ನಮ್ಮ ಅಜ್ಜಿಯರು ಕೊಡುತ್ತಿದ್ದರು. ಮೊಳಕೆ ಬರಿಸಿದಾಗ ಕಬ್ಬಿಣವನ್ನೂ ಸುಣ್ಣವನ್ನೂ ಹಿಡಿದಿಡುವ ಫೈಟೇಟ್ ಎಂಬ ಅಂಶವು ತಗ್ಗುತ್ತದೆ, ಸರಿಯೂ ತೆಳುವಾಗಿ ಸುಲಭವಾಗಿ ಅರಗುತ್ತದೆ. ಬೆಲೆಯುಳ್ಳ ಡಬ್ಬಿಯ ಪುಡಿಗಳಿಗೆ ಕೈಯಿಕ್ಕುವ ಮುನ್ನ ಈ ಸರಿಯನ್ನು ನೆನೆಯಬೇಕು.

ಅಂಗಡಿಯ ಪ್ರೋಬಯಾಟಿಕ್: ಎಲ್ಲಿ ಉಪಯೋಗ, ಎಲ್ಲಿ ಇಲ್ಲ

ಪ್ರೋಬಯಾಟಿಕ್ ಎಂಬುದು ಒಂದೇ ಔಷಧದ ಹೆಸರಲ್ಲ. ಬೀಜವೆಂದರೆ ಭತ್ತವೂ ಹೌದು, ರಾಗಿಯೂ ಹೌದು, ಕಡಲೆಯೂ ಹೌದು ಎಂಬಂತೆ ಇಲ್ಲಿಯೂ ನೂರಾರು ತಳಿಗಳಿವೆ. ಒಂದು ತಳಿಯಿಂದ ಕಂಡ ಗುಣವು ಇನ್ನೊಂದರಿಂದ ದೊರೆಯುವುದೆಂದು ಹೇಳಲಾಗದು.

ಆ್ಯಂಟಿಬಯಾಟಿಕ್ ಸೇವನೆಯಿಂದ ಉಂಟಾಗುವ ಭೇದಿಯನ್ನು ತಡೆಯುವಲ್ಲಿ ಲ್ಯಾಕ್ಟೋಬ್ಯಾಸಿಲಸ್ ರ‍್ಯಾಮ್ನೋಸಸ್ ಜಿಜಿ ಮತ್ತು ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಎರಡರಿಂದ ಮಕ್ಕಳಿಗೆ ಪ್ರಯೋಜನವಿದೆಯೆಂದು ಹಲವು ಪರೀಕ್ಷೆಗಳು ತೋರಿಸಿವೆ. ಇವುಗಳಲ್ಲಿ ಎರಡನೆಯದು ಬ್ಯಾಕ್ಟೀರಿಯವಲ್ಲ, ಒಂದು ಬಗೆಯ ಯೀಸ್ಟ್. ಆದುದರಿಂದ ಆ್ಯಂಟಿಬಯಾಟಿಕ್ ಅದನ್ನು ಕೊಲ್ಲುವುದಿಲ್ಲ. ಎದೆಹಾಲು ಕುಡಿಯುವ ಎಳೆಗೂಸುಗಳ ಸಂಜೆಯ ಹೊಟ್ಟೆನುಲಿತದ ಅಳುವಿಗೆ ಲ್ಯಾಕ್ಟೋಬ್ಯಾಸಿಲಸ್ ರೂಟರಿಯ ಒಂದು ತಳಿಯಿಂದ ಉಪಶಮನ ಕಂಡಿದೆ.

ಆದರೆ ತೀವ್ರ ಭೇದಿಯ ವಿಷಯದಲ್ಲಿ ನಿರೀಕ್ಷೆ ಹುಸಿಯಾಯಿತು. 2018ರಲ್ಲಿ ಅಮೆರಿಕ ಮತ್ತು ಕೆನಡಾ ದೇಶಗಳಲ್ಲಿ ನಡೆದ ಎರಡು ದೊಡ್ಡ ಪರೀಕ್ಷೆಗಳ ಫಲಿತಾಂಶ ಹೊರಬಂದಿತು. ವಾಂತಿಭೇದಿಯಿಂದ ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಪುಡಿ ಕೊಟ್ಟವರಿಗೂ ಬರಿಯ ಪುಡಿ ಕೊಟ್ಟವರಿಗೂ ವ್ಯತ್ಯಾಸವೇ ಕಾಣಲಿಲ್ಲ. ಇದಕ್ಕೆ ಪ್ರತಿಯಾಗಿ ನಮ್ಮ ದೇಶದ ಒಂದು ಪರೀಕ್ಷೆಯು ಲೋಕದ ಗಮನ ಸೆಳೆಯಿತು. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಒಳಗೊಂಡು ನಡೆದು 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಲ್ಯಾಕ್ಟೋಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ತಳಿಯನ್ನು ಅದರ ಮೇವಾದ ಶರ್ಕರದೊಡನೆ ಒಂದು ವಾರ ಕೊಟ್ಟಾಗ ರಕ್ತದ ಸೋಂಕು ಮತ್ತು ಸಾವು ಸುಮಾರು ಶೇಕಡಾ 40ರಷ್ಟು ತಗ್ಗಿದುವು. ಆ ಶಿಶುಗಳೆಲ್ಲ ಎದೆಹಾಲು ಕುಡಿಯುತ್ತಿದ್ದವು, ತಕ್ಕ ತೂಕವುಳ್ಳವು, ಮತ್ತು ತಜ್ಞರ ಕಣ್ಗಾವಲಿನಲ್ಲಿದ್ದವು. ಇನ್ನೊಂದೆಡೆ ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಪ್ರೋಬಯಾಟಿಕ್ ಕೊಡುವುದರಿಂದ ಪ್ರಾಣಾಪಾಯದ ಸೋಂಕು ಆಗಬಹುದೆಂದು ಅಮೆರಿಕದ ಔಷಧ ನಿಯಂತ್ರಕರು 2023ರಲ್ಲಿ ಎಚ್ಚರಿಸಿದರು. ಒಂದೇ ವಸ್ತುವು ಒಂದು ಕಡೆ ಅಮೃತ, ಇನ್ನೊಂದು ಕಡೆ ಅಪಾಯ. ಹೀಗಿರುವಾಗ ನೆರೆಮನೆಯ ಮಗುವಿಗೆ ಒಳ್ಳೆಯದಾಯಿತೆಂದು ನಮ್ಮ ಮಗುವಿಗೂ ತರುವುದು ವಿವೇಕವಲ್ಲ.

ಕೊಳ್ಳಲೇಬೇಕಾದಾಗ ಗಮನಿಸಬೇಕಾದ ಸಂಗತಿಗಳಿವು:

1. ಚೀಟಿಯ ಮೇಲೆ ತಳಿಯ ಪೂರ್ಣ ಹೆಸರೂ ಜೀವಿಗಳ ಸಂಖ್ಯೆಯೂ ಇರಬೇಕು. ಬರಿಯ ಪ್ರೋಬಯಾಟಿಕ್ ಎಂಬ ದೊಡ್ಡ ಅಕ್ಷರ ಸಾಲದು.

2. ಮುಗಿಯುವ ದಿನಾಂಕ ನೋಡಬೇಕು. ತಂಪಿನಲ್ಲಿ ಇಡಬೇಕೆಂದು ಬರೆದಿದ್ದರೆ ಅಂಗಡಿಯವನೂ ಹಾಗೆ ಇಟ್ಟಿದ್ದನೇ ಎಂದು ವಿಚಾರಿಸಬೇಕು.

3. ಬಿಸಿ ಹಾಲಿಗೆ, ಬಿಸಿ ಗಂಜಿಗೆ ಬೆರೆಸಬಾರದು. ಜೀವಂತ ಜೀವಿಗಳನ್ನು ಹಣ ಕೊಟ್ಟು ತಂದು ಬೇಯಿಸಿ ಕುಡಿಸಿದಂತಾಗುತ್ತದೆ.

4. ಬ್ಯಾಕ್ಟೀರಿಯದ ಪ್ರೋಬಯಾಟಿಕ್ ಆದರೆ ಆ್ಯಂಟಿಬಯಾಟಿಕ್ ಕೊಟ್ಟ ಎರಡು ಗಂಟೆಗಳಾದರೂ ಬಿಟ್ಟು ಕೊಡಬೇಕು.

5. ದಿನ ತುಂಬದೆ ಹುಟ್ಟಿದ, ರೋಗನಿರೋಧ ಶಕ್ತಿ ಕುಂದಿದ, ದೊಡ್ಡ ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿರುವ ಮಕ್ಕಳಿಗೆ ಮಕ್ಕಳ ತಜ್ಞರು ಹೇಳದ ಹೊರತು ಕೊಡಲೇಬಾರದು.

ಗಿಡಮೂಲಿಕೆಗಳ ವಿಚಾರ

ನಮ್ಮ ಸ್ವಂತ ಶಾಸ್ತ್ರದ ಮಾತಿಗೆ ಬರೋಣ. ಗಿಡಮೂಲಿಕೆಯಾದುದರಿಂದ ತೊಂದರೆಯಿಲ್ಲ ಎಂಬ ನುಡಿಯನ್ನು ಆಯುರ್ವೇದದವರಾದ ನಾವೇ ಮೊದಲು ನಿಲ್ಲಿಸಬೇಕು. ಗುಣ ಮಾಡುವ ಶಕ್ತಿಯುಳ್ಳ ದ್ರವ್ಯಕ್ಕೆ ಕೆಡುಕು ಮಾಡುವ ಶಕ್ತಿಯೂ ಇರುತ್ತದೆ. ಹಿಪ್ಪಲಿಯಂಥ ದ್ರವ್ಯವನ್ನೂ ಅತಿಯಾಗಿ ಬಹುಕಾಲ ಬಳಸಬಾರದೆಂದು ಚರಕರು ಎಚ್ಚರಿಸಿದ್ದಾರೆ.

ಭದ್ರಮುಷ್ಟಿ, ಹಿಪ್ಪಲಿ, ಅತಿವಿಷ, ಕರ್ಕಟಶೃಂಗಿ ಎಂಬ ನಾಲ್ಕು ದ್ರವ್ಯಗಳ ಬಾಲಚಾತುರ್ಭದ್ರ ಚೂರ್ಣವು ಮಕ್ಕಳ ಜ್ವರ, ಅತಿಸಾರ, ಕೆಮ್ಮು, ವಾಂತಿಗಳಲ್ಲಿ ಪ್ರಸಿದ್ಧವಾದುದು; ನಾವೂ ಬಳಸುತ್ತೇವೆ. ಆದರೆ ಅದನ್ನು ಮಗುವಿನ ವಯಸ್ಸು, ತೂಕ, ಬಲಗಳನ್ನು ನೋಡಿ ಅಳೆದು ಕೊಡಬೇಕು. ಅತಿವಿಷವು ಹಿಮಾಲಯದ ಸಸ್ಯ, ದುಬಾರಿಯಾದುದು, ಕಲಬೆರಕೆಗೆ ಸುಲಭವಾಗಿ ಒಳಗಾಗುವುದು. ಸಂತೆಯಲ್ಲಿ ಬಿಡಿಯಾಗಿ ಕೊಂಡು ಮನೆಯಲ್ಲಿ ಕುಟ್ಟಿಕೊಳ್ಳುವ ಪದಾರ್ಥ ಅದಲ್ಲ.

ನಾವು ಪೂಜೆಗೆ ಪತ್ರೆಯನ್ನು ತರುವ ಬಿಲ್ವದ ಎಳೆಕಾಯಿಯ ತಿರುಳು ಅತಿಸಾರಕ್ಕೆ ಹೇಳಿದ ಔಷಧ. ಹಣ್ಣಿನ ಗುಣ ಬೇರೆ. ಅದು ಮಲವನ್ನು ಸಡಿಲಿಸುವ ಕಡೆಗೆ ಹೆಚ್ಚು. ಈ ಭೇದವನ್ನು ತಿಳಿಯದೆ ಭೇದಿಯಾದ ಮಗುವಿಗೆ ಬಿಲ್ವದ ಹಣ್ಣಿನ ಪಾನಕ ಕುಡಿಸಿದವರನ್ನು ಕಂಡಿದ್ದೇವೆ. ಮುತ್ತತ್ತಿಯ ಕಾಡಿಗೆ ಹೋಗಿ ಮೂಲಿಕೆ ಕಿತ್ತು ತರುವವರಿಗೂ ಒಂದು ಮಾತು: ಅದು 1987ರಿಂದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದ ಪ್ರದೇಶ. ಕಾನೂನಿಗೂ ಅದು ಸಲ್ಲದು, ಗುರುತು ತಪ್ಪಿದರೆ ಮಗುವಿನ ಪ್ರಾಣಕ್ಕೂ ಸಲ್ಲದು.

ಎಳೆಗೂಸಿಗೆ ಬಜೆ, ಜಾಯಿಕಾಯಿ ಮೊದಲಾದವನ್ನು ಕಲ್ಲಿನ ಮೇಲೆ ತೇದು ನೆಕ್ಕಿಸುವ ಪದ್ಧತಿ ನಮ್ಮ ಕಡೆ ಮನೆಮನೆಗೂ ಇದೆ. ತೇಯುವ ಕೈಗೆ ಅಳತೆ ತಪ್ಪಿದರೆ ಜಾಯಿಕಾಯಿಯಿಂದ ಮಗುವಿಗೆ ಮಂಪರು ಕವಿಯುತ್ತದೆ. ಬಜೆಯಲ್ಲಿರುವ ಅಸರೋನ್ ಎಂಬ ಅಂಶವು ಹೆಚ್ಚಾದರೆ ವಿಷಕಾರಿ. ತೇಯುವ ಕಲ್ಲು, ಬೆರೆಸುವ ನೀರು ಶುಚಿಯಾಗಿರದಿದ್ದರೆ ಔಷಧವೇ ಭೇದಿಗೆ ಕಾರಣವಾಗುತ್ತದೆ. ಆದುದರಿಂದ ಆರು ತಿಂಗಳೊಳಗಿನ ಕೂಸಿಗೆ ಇವು ಬೇಡವೆಂಬುದೇ ನಮ್ಮ ಸಲಹೆ. ಅಜ್ಜಿಯರು ಮುನಿಯಬಾರದು.

ಜೇನುತುಪ್ಪದ ವಿಷಯವನ್ನೂ ನೇರವಾಗಿ ಹೇಳಬೇಕು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪವನ್ನು ಕೊಡಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ಬೀಜಾಣುಗಳು ಎಳೆಯ ಕರುಳಿನಲ್ಲಿ ಮೊಳೆತು ಬಾಟ್ಯುಲಿಸಂ ಎಂಬ, ಸ್ನಾಯುಗಳನ್ನು ನಿಶ್ಶಕ್ತಗೊಳಿಸುವ ರೋಗವನ್ನು ತರಬಲ್ಲವು. ಅದು ಅಪರೂಪ, ಆದರೆ ಘೋರ. ನಮ್ಮ ಅನೇಕ ಯೋಗಗಳಿಗೆ ಜೇನು ಅನುಪಾನವಾಗಿದೆಯೆಂಬುದು ನಿಜ. ಒಂದು ವರ್ಷದೊಳಗಿನ ಕೂಸಿಗೆ ವೈದ್ಯರು ಅನುಪಾನವನ್ನು ಬದಲಿಸಬೇಕು.

ಆಸವ, ಅರಿಷ್ಟಗಳು ಹುದುಗಿ ತಯಾರಾಗುವುದರಿಂದ ಅವುಗಳಲ್ಲಿ ಮದ್ಯಸಾರದ ಅಂಶವು ತಾನಾಗಿಯೇ ಹುಟ್ಟಿರುತ್ತದೆ. ಮಕ್ಕಳಿಗೆ ಕೊಡುವುದಾದರೆ ಹನಿಗಳ ಲೆಕ್ಕದಲ್ಲಿ, ವೈದ್ಯರ ಮಾತಿನಂತೆ, ನೀರು ಬೆರೆಸಿ ಕೊಡಬೇಕು. ಪಾದರಸ ಮೊದಲಾದ ಲೋಹಗಳಿರುವ ರಸೌಷಧಗಳನ್ನು ಪೋಷಕರು ತಾವಾಗಿ ಕೊಳ್ಳಲೇಬಾರದು. ಹೆಸರಿಲ್ಲದ ಪೊಟ್ಟಣದಲ್ಲಿ, ತಯಾರಿಕೆಯ ಪರವಾನಗಿ ಸಂಖ್ಯೆಯಿಲ್ಲದೆ ಬರುವ ಹಸಿವಿನ ಪುಡಿಗಳನ್ನು ದೂರವಿಡಬೇಕು. ವಾರದೊಳಗೆ ಮಗುವಿನ ಕೆನ್ನೆ ಉಬ್ಬಿ ಹಸಿವು ಹೆಚ್ಚಾದರೆ ಹಿಗ್ಗಬೇಡಿ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದುದು ಪತ್ತೆಯಾದ ಉದಾಹರಣೆಗಳಿವೆ.

ಭೇದಿಯಾದಾಗ ಮೊದಲ ಕೆಲಸ

1971ರಲ್ಲಿ ಬಾಂಗ್ಲಾ ವಿಮೋಚನೆಯ ಯುದ್ಧಕಾಲದಲ್ಲಿ ಗಡಿ ದಾಟಿ ಬಂದ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಬನಗಾಂವ್ ಎಂಬಲ್ಲಿ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಕೊಡುವ ದ್ರವವು ಮುಗಿದುಹೋದಾಗ ವೈದ್ಯ ದಿಲೀಪ್ ಮಹಲನಬಿಸ್ ಅವರು ಉಪ್ಪು, ಅಡಿಗೆ ಸೋಡಾ, ಗ್ಲೂಕೋಸುಗಳನ್ನು ನೀರಿಗೆ ಬೆರೆಸಿ, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನೂರಕ್ಕೆ ನಾಲ್ಕಕ್ಕಿಂತ ಕೆಳಗೆ ಇಳಿಯಿತು. ಗ್ಲೂಕೋಸು ಕರುಳಿನ ಗೋಡೆಯನ್ನು ದಾಟುವಾಗ ಉಪ್ಪನ್ನು ಜೊತೆಗೆ ಕರೆದೊಯ್ಯುತ್ತದೆ, ಉಪ್ಪು ನೀರನ್ನು ಎಳೆದುಕೊಳ್ಳುತ್ತದೆ. ಭೇದಿ ನಡೆಯುತ್ತಿದ್ದರೂ ಈ ಹಾದಿ ತೆರೆದೇ ಇರುತ್ತದೆ. ನೀರು ಕುಡಿಸಿದರೆ ಭೇದಿ ಹೆಚ್ಚುವುದೆಂಬ ಭಯಕ್ಕೆ ಇದೇ ಉತ್ತರ.

ದೊಡ್ಡ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಅರ್ಧ ಪೊಟ್ಟಣ, ಅಂದಾಜು ನೀರು ಸಲ್ಲದು. ಕಲಸಿದ್ದನ್ನು 24 ಗಂಟೆಗಳಾದ ಮೇಲೆ ಚೆಲ್ಲಬೇಕು. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್, ದೊಡ್ಡ ಮಗುವಿಗೆ 100ರಿಂದ 200 ಮಿಲಿಲೀಟರ್ ಚಮಚದಿಂದ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಇನ್ನೂ ನಿಧಾನವಾಗಿ ಮುಂದುವರಿಸಬೇಕು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮತಟ್ಟಾದ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾಗದಂತೆ ನೋಡಿಕೊಳ್ಳಬೇಕು. ಓಆರ್‌ಎಸ್ ಹೆಸರನ್ನು ಹೊತ್ತ ಸಿಹಿ ಹಣ್ಣಿನ ಪಾನೀಯಗಳಿಗೆ ಮರುಳಾಗಬಾರದು. ಸೂತ್ರಕ್ಕೆ ಒಪ್ಪದ ಪಾನೀಯಗಳ ಮೇಲೆ ಆ ಹೆಸರು ಇರಕೂಡದೆಂದು ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು 2025ರ ಅಕ್ಟೋಬರ್‌ನಲ್ಲಿ ಆದೇಶಿಸಿದೆ.

ಇದರ ಜೊತೆಗೆ ಜಿಂಕ್ ಮಾತ್ರೆ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10 ಮಿಲಿಗ್ರಾಂ, ಭೇದಿ ನಿಂತರೂ ಹದಿನಾಲ್ಕು ದಿನ. ಆಶಾ ಕಾರ್ಯಕರ್ತೆಯರಲ್ಲಿ, ಅಂಗನವಾಡಿಯಲ್ಲಿ, ಸರ್ಕಾರಿ ಆಸ್ಪತ್ರೆಯಲ್ಲಿ ಓಆರ್‌ಎಸ್ ಮತ್ತು ಜಿಂಕ್ ಎರಡನ್ನೂ ವಿಚಾರಿಸಿ. ಎದೆಹಾಲನ್ನು ನಿಲ್ಲಿಸಬಾರದು. ಗಂಜಿ, ಮೆತ್ತಗಿನ ಮೊಸರನ್ನ, ಬಾಳೆಹಣ್ಣು ಮುಂತಾದ ಆಹಾರವನ್ನು ಕೊಡುತ್ತಿರಬೇಕು.

ನಮ್ಮದೇ ಒಂದು ತಪ್ಪು

ಇಲ್ಲಿ ಒಂದು ನಿವೇದನೆ. ವೃತ್ತಿಯ ಆರಂಭದ ವರ್ಷಗಳಲ್ಲಿ ಎರಡು ವರ್ಷದ ಹೆಣ್ಣುಮಗುವಿನ ಅತಿಸಾರಕ್ಕೆ ನಾವು ಲಂಘನವನ್ನು ಹೇಳಿದೆವು. ಹಾಲು, ಅನ್ನ ಎಲ್ಲವನ್ನೂ ಬಿಡಿಸಿ ಗಂಜಿಯ ತಿಳಿಯಲ್ಲಿಯೇ ಐದು ದಿನ ಇರಿಸಿದೆವು. ಭೇದಿ ನಿಂತಿತು, ನಮಗೆ ಹೆಮ್ಮೆಯೂ ಆಯಿತು. ಆದರೆ ಮಗು ಸೊರಗಿತು. ತಿಂಗಳೊಳಗೆ ಮತ್ತೆ ಭೇದಿ, ಆಮೇಲೆ ಕೆಮ್ಮು. ಮೊದಲಿನ ತೂಕಕ್ಕೆ ಮರಳಲು ಅರ್ಧ ವರ್ಷ ಹಿಡಿಯಿತು. ಬಾಲರು, ವೃದ್ಧರು, ಗರ್ಭಿಣಿಯರು, ದುರ್ಬಲರು ಇವರಿಗೆ ಕಠಿಣವಾದ ಲಂಘನ ಸಲ್ಲದೆಂದು ನಮ್ಮ ಶಾಸ್ತ್ರವೇ ಹೇಳಿದೆ. ನಾವು ಅದನ್ನು ಓದಿದ್ದೆವು, ಪರೀಕ್ಷೆಯಲ್ಲಿ ಬರೆದಿದ್ದೆವು, ಆದರೆ ಎದುರಿಗಿದ್ದ ಮಗುವಿಗೆ ಅನ್ವಯಿಸಲು ಮರೆತೆವು. ಆ ತಾಯಿಯು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅಂದಿನಿಂದ ಭೇದಿಯಾದ ಮಗುವನ್ನು ಉಪವಾಸ ಕೆಡವಿದ್ದಿಲ್ಲ. ಆಯುರ್ವೇದವೆಂದರೆ ಹಳೆಯ ಅಭ್ಯಾಸವನ್ನೆಲ್ಲ ಸಮರ್ಥಿಸುವುದಲ್ಲ, ಮಗುವನ್ನು ನೋಡಿ ನಡೆಯುವುದು ಎಂಬುದನ್ನು ಆ ಮಗು ನಮಗೆ ಕಲಿಸಿತು.

ಬಾರದಂತೆ ತಡೆಯುವುದು

ಪುಣ್ಯಕ್ಷೇತ್ರದ ಹೊಳೆಯಲ್ಲಿ ಮೀಯುವುದು ಬೇರೆ, ಆ ನೀರನ್ನು ಮಗುವಿಗೆ ಕುಡಿಸುವುದು ಬೇರೆ. ಕಾವೇರಿಯು ನಮ್ಮಲ್ಲಿಗೆ ಬರುವ ಮುನ್ನ ಎಷ್ಟೋ ಊರುಗಳ ಕೊಳೆಯನ್ನು ಹೊತ್ತು ಬರುತ್ತಾಳೆ. ಆ ದೋಷ ಆಕೆಯದಲ್ಲ, ನಮ್ಮದು. ಮುತ್ತತ್ತಿಗೆ ಹೊರಟಾಗ ಮಗುವಿಗೆ ಕುದಿಸಿ ಆರಿಸಿದ ನೀರು, ಎರಡು ಓಆರ್‌ಎಸ್ ಪೊಟ್ಟಣ, ಒಂದು ಸೋಪಿನ ತುಂಡು ಚೀಲದಲ್ಲಿರಲಿ. ಅಡಿಗೆ ಮಾಡುವ ಮುನ್ನ, ಮಗುವಿಗೆ ಉಣಿಸುವ ಮುನ್ನ, ಮಗುವಿನ ಮಲ ತೊಳೆದ ಮೇಲೆ ಸೋಪಿನಿಂದ ಕೈ ತೊಳೆಯಬೇಕು.

ಆರು, ಹತ್ತು, ಹದಿನಾಲ್ಕನೆಯ ವಾರಗಳಲ್ಲಿ ಹಾಕುವ ರೋಟಾವೈರಸ್ ಹನಿಯನ್ನು ತಪ್ಪಿಸಬಾರದು. 2015ರಿಂದ ಆರಂಭವಾದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಕೊಡುತ್ತಾರೆ: ಒಂದರಿಂದ ಎರಡು ವರ್ಷದವರಿಗೆ ಪುಡಿ ಮಾಡಿದ ಅರ್ಧ ಮಾತ್ರೆ, ಅದರ ಮೇಲಿನವರಿಗೆ ಒಂದು ಮಾತ್ರೆ. ವಾಯುವಿಳಂಗವು ನಮ್ಮ ಶಾಸ್ತ್ರದ ಕೃಮಿಘ್ನ ದ್ರವ್ಯಗಳಲ್ಲಿ ಶ್ರೇಷ್ಠವಾದುದಾದರೂ ಆ ಮಾತ್ರೆಯನ್ನು ಬೇಡವೆನ್ನಲು ಅದು ನೆಪವಾಗಬಾರದು. ಮಣ್ಣು ತಿನ್ನುವ, ಬಿಳಿಚಿಕೊಂಡ ಮಗುವಿಗೆ ಹಸಿವಿನ ಸಿರಪ್ಪಿಗಿಂತ ಮೊದಲು ರಕ್ತಪರೀಕ್ಷೆ ಮಾಡಿಸಬೇಕು.

ತಡಮಾಡದೆ ಆಸ್ಪತ್ರೆಗೆ

ಮಲದಲ್ಲಿ ರಕ್ತ, ಕುಡಿದದ್ದೆಲ್ಲವೂ ವಾಂತಿ, ಆರು ಗಂಟೆಗಳಿಂದ ಮೂತ್ರವಿಲ್ಲದಿರುವುದು, ಕಣ್ಣು ಗುಳಿಬಿದ್ದಿರುವುದು, ಅಳುವಾಗ ಕಣ್ಣೀರು ಬಾರದಿರುವುದು, ಕುಡಿಯಲಾಗದಷ್ಟು ಮಂಕು, ಜೋರು ಜ್ವರ, ಹಸಿರು ವಾಂತಿ ಇಲ್ಲವೆ ಹೊಟ್ಟೆಯುಬ್ಬರ, ಎರಡು ತಿಂಗಳೊಳಗಿನ ಕೂಸಿಗೆ ಯಾವುದೇ ಭೇದಿ. ಇವುಗಳಲ್ಲಿ ಒಂದು ಕಂಡರೂ ನಮ್ಮಂಥವರ ಚೂರ್ಣಕ್ಕಾಗಲಿ ಅಂಗಡಿಯ ಕುಪ್ಪಿಗಾಗಲಿ ಕಾಯದೆ, ದಾರಿಯುದ್ದಕ್ಕೂ ಓಆರ್‌ಎಸ್ ಕುಡಿಸುತ್ತಾ ಆಸ್ಪತ್ರೆಗೆ ಕರೆದೊಯ್ಯಬೇಕು.

ಭಕ್ತಬಂಧುಗಳೇ, ಕ್ರಮವು ಇಷ್ಟೇ: ಮೊದಲು ನೀರು ಮತ್ತು ಉಪ್ಪು, ಅದರೊಡನೆ ಎದೆಹಾಲು ಮತ್ತು ಅನ್ನ, ಬಳಿಕ ಜಿಂಕ್, ಆಮೇಲೆ, ಬೇಕಾದರೆ ಮಾತ್ರ, ವೈದ್ಯರು ಹೇಳಿದ ಮೂಲಿಕೆ ಇಲ್ಲವೆ ಪ್ರೋಬಯಾಟಿಕ್. ಆ ಅಜ್ಜಿಯವರು ಈಗಲೂ ವರ್ಷಕ್ಕೊಮ್ಮೆ ಮೊಮ್ಮಗನನ್ನು ಕರೆದುಕೊಂಡು ಮುತ್ತತ್ತಿಗೆ ಹೋಗುತ್ತಾರೆ. ಹೋಗುವಾಗ ನಮ್ಮ ಜಗಲಿಯ ಬಳಿ ನಿಂತು ಚೀಲವನ್ನು ಬಿಚ್ಚಿ ತೋರಿಸುತ್ತಾರೆ: ಕುದಿಸಿದ ನೀರಿನ ಬಾಟಲಿ, ಅದರ ಪಕ್ಕದಲ್ಲಿ ಎರಡು ಪೊಟ್ಟಣ. ತಮ್ಮೆಲ್ಲರ ಮನೆಯ ಚೀಲದಲ್ಲಿಯೂ ಅವು ಇರಲಿ, ಮನೆಯ ಮಕ್ಕಳು ಚೆನ್ನಾಗಿರಲಿ.